ಎರಡು ಒತ್ತುಗಳ ನಡುವಿನ ಬಿಡುವು

9 ಜನವರಿ 2024

'ಚಾವಿ' ಲೈಬ್ರರಿಯನ್ನು ನೋಡಿಕೊಳ್ಳುವವರಿಗೆ,

ಮಾನ್ಯರೇ,

ನಾನು ಗಡಿಯಾರ ರಿಪೇರಿ ಮಾಡುವವನು. ಬೇರೆ ಬೇರೆ ಕಂಪ್ಯೂಟರ್ ಕಾರ್ಯಕ್ರಮಗಳು ಎರವಲು ಪಡೆಯುವ ತಮ್ಮ 'ಚಾವಿ'ಯ ಬಟನ್ನು, ಕಿಟಕಿ, ಪಟ್ಟಿಗಳನ್ನು ಬಳಸಿ ಮಾಡಿದ ರಿಪೇರಿ ರಿಜಿಸ್ಟರ್ ಒಂದು ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿತ್ತು. ಬಹಳ ವರ್ಷ ಬಟ್ಟೆ ಹೊದ್ದು ಮಲಗಿದ್ದ ಆ ಯಂತ್ರ ಹೋದ ತಿಂಗಳು ಎಬ್ಬಿಸಿದರೆ ಏಳಲೇ ಇಲ್ಲ. ಮೆಕ್ಯಾನಿಕ್ ಬಂದು ಒಳಗಿದ್ದದ್ದನ್ನೆಲ್ಲ ಹೊಸ ಯಂತ್ರಕ್ಕೆ ತುಂಬಿ, ಈಗಿನ ಲಿನಕ್ಸ್ ಸಿಸ್ಟಮ್ ಹಾಕಿಕೊಟ್ಟ. ಮಿಕ್ಕದ್ದೆಲ್ಲ ತೆರೆಯುತ್ತದೆ. ರಿಜಿಸ್ಟರ್ ಮಾತ್ರ 'ಚಾವಿ ಸಿಗಲಿಲ್ಲ' ಎಂದು ಒಂದು ಸಾಲು ತೋರಿಸಿ ಮುಚ್ಚಿಕೊಳ್ಳುತ್ತದೆ. "ಆ ಲೈಬ್ರರೀನ ಹೊಸ ಸಿಸ್ಟಮ್‌ನಿಂದ ತೆಗೆದುಬಿಟ್ಟಿದಾರೆ ಸಾರ್, ಯಾರೂ ಬಳಸಲ್ಲವಂತೆ" ಎಂದ ಮೆಕ್ಯಾನಿಕ್.

ರಿಜಿಸ್ಟರಿನಲ್ಲಿ 'ಕುರಿತು' ಎಂಬ ಪುಟ್ಟ ಕಿಟಕಿ ಇತ್ತು. 'ಇದನ್ನು ಬಳಸುವವರು ಈ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ, ಬೇರೇನೂ ಕೊಡಬೇಕಾಗಿಲ್ಲ' ಎಂದು ಅದರಲ್ಲಿ ಬರೆದಿತ್ತು. ಆ ವಿಳಾಸ ನಮ್ಮ ಅಂಗಡಿಯದೇ. ಅಲ್ಲಿಗೆ ಬರೆದರೆ ನನ್ನ ದೂರು ತಿರುಗಿ ನನ್ನ ಮೇಜಿಗೇ ಬರುತ್ತದೆ. ಆದ್ದರಿಂದ ತಾವು ಕೆಲಸ ಮಾಡುವ ಹವಾಮಾನ ಕೇಂದ್ರಕ್ಕೆ ಬರೆದಿದ್ದೇನೆ.

ಆ ರಿಜಿಸ್ಟರಿನಲ್ಲಿ ನನ್ನ ತಂದೆಯವರು ರಿಪೇರಿ ಮಾಡಿದ ಆರು ಸಾವಿರಕ್ಕೂ ಹೆಚ್ಚು ಗಡಿಯಾರಗಳ ವಿವರವಿದೆ, ಒಂದೊಂದಕ್ಕೂ ಅವರ ಟಿಪ್ಪಣಿ ಇದೆ. ಅವರು ಪ್ರತಿ ಗಡಿಯಾರದ ಹಿಂಬದಿಯ ಮುಚ್ಚಳದ ಒಳಗೆ ಸೂಜಿಯಿಂದ ರಿಜಿಸ್ಟರಿನ ನಂಬರು ಕೆತ್ತುತ್ತಿದ್ದರು. ಆ ಗಡಿಯಾರಗಳು ಈಗಲೂ ನನ್ನ ಹತ್ತಿರ ಬರುತ್ತವೆ. ಈಗ ಮೇಜಿನ ಮೇಲಿರುವುದು 5840. ಮುಚ್ಚಳ ತೆರೆದರೆ ನಂಬರು ಕಾಣುತ್ತದೆ, ಅವರು ಏನು ಮಾಡಿದ್ದರೆಂದು ಕಾಣುವುದಿಲ್ಲ. ಆ ಟಿಪ್ಪಣಿಗಳನ್ನು ಓದಬೇಕಾಗಿದೆ, ಆದಷ್ಟು ಬೇಗ.

ಅವರು ತಮಗೂ ತಂದೆಯೇ ಆದ್ದರಿಂದ ಹೆಚ್ಚು ವಿವರಿಸಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಇತಿ,
ಒಬ್ಬ ಬಳಕೆದಾರ


22 ಜನವರಿ 2024

ಮಾನ್ಯ ಬಳಕೆದಾರನಿಗೆ,

ಹದಿನೇಳು ವರ್ಷದ ಮೇಲೆ ಒಂದು ಕಾಗದ, ಅದೂ ದೂರು! ಲಕೋಟೆ ನೋಡಿದ ಕೂಡಲೇ ನಿನ್ನದೆಂದು ಗೊತ್ತಾಯಿತು. ಸ್ಟಾಂಪನ್ನು ಈಗಲೂ ಅಳತೆಪಟ್ಟಿ ಇಟ್ಟು ಅಂಟಿಸುತ್ತೀಯ. ಒಳಗಿನ ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗಿದೆ. ಕಡಲೆಕಾಳಿನಷ್ಟು ಗಡಿಯಾರದ ಮುಖಕ್ಕೆ ಹನ್ನೆರಡು ಅಂಕೆ ಬಿಡಿಸುತ್ತಿದ್ದ ಕೈ ಅದು! ಅಕ್ಕನಿಗೆ ಬರೆಯುವುದೆಂದರೆ ಅಷ್ಟು ಅವಸರವೇನೋ?

ಮೆಕ್ಯಾನಿಕ್ ಹೇಳಿದ್ದು ನಿಜ. ತೆಗೆಯಿರಿ ಎಂದು ಒಪ್ಪಿಗೆ ಕೊಟ್ಟವಳು ನಾನೇ, ಹೋದ ಅಕ್ಟೋಬರಿನಲ್ಲಿ. ಬಳಸುವವರು ಸೊನ್ನೆ ಎಂದು ಸಿಸ್ಟಮ್ ನಡೆಸುವವರು ಕಳಿಸಿದ ಪಟ್ಟಿ ತೋರಿಸಿತು. ನೀನು ಕಾರ್ಡು ಬರೆದಿರಲಿಲ್ಲವಲ್ಲ!

ಯಾಕೆ ತೆಗೆದರೆಂದು ಕೇಳು. ನಾವು ಚಾವಿ ಬರೆದ ಕಾಲದಲ್ಲಿ ಪರದೆ ಎನ್ನುವುದು ಎಲ್ಲರಿಗೂ ಸೇರಿ ಒಂದೇ ಕರಿಹಲಗೆ. ಒಂದು ಕಿಟಕಿಯ ಮೇಲೆ ಇನ್ನೊಂದು ಬಂದು ಕೂತರೆ ಕೆಳಗಿನದು ಅಳಿಸಿಯೇ ಹೋಗುತ್ತಿತ್ತು. ಮೇಲಿನದು ಸರಿದಾಗ ಸಿಸ್ಟಮ್ ಹೇಳುತ್ತಿದ್ದದ್ದು ಇಷ್ಟೇ: ನಿನ್ನ ಇಷ್ಟು ಜಾಗ ಈಗ ಕಾಣುತ್ತಿದೆ, ಮತ್ತೆ ಬರಿ. ಅಲ್ಲಿ ಏನಿತ್ತೆಂದು ಅದಕ್ಕೆ ನೆನಪಿಲ್ಲ. ನೆನಪಿಟ್ಟುಕೊಂಡು ಮತ್ತೆ ಬರೆಯುವುದು ನಮ್ಮ ಚಾವಿಯ ಕೆಲಸ. ಈಗ ಪ್ರತಿ ಕಿಟಕಿಗೂ ಬೇರೆ ಹಾಳೆ, ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸಲು ಮೇಲೊಬ್ಬ ಯಜಮಾನ. ಮುಚ್ಚಿಹೋದದ್ದು ಕೆಳಗೆ ಹಾಗೇ ಇರುತ್ತದೆ. ಚಾವಿಗೆ ಕರಿಹಲಗೆಯ ಭಾಷೆ ಮಾತ್ರ ಬರುತ್ತದೆ. ಅದಕ್ಕೆ ಹೊಸ ಭಾಷೆ ಕಲಿಸದೆ ನಿನ್ನ ರಿಜಿಸ್ಟರ್ ಏಳುವುದಿಲ್ಲ.

ಕಲಿಸಬಹುದು. ನಾನೇ ಕಲಿಸಬೇಕು, ಆ ಹಳೆಯ ಸಾಲುಗಳು ಬೇರೆ ಯಾರಿಗೆ ಅರ್ಥವಾಗುತ್ತವೆ? ರಿಜಿಸ್ಟರನ್ನು ಅದರೊಳಗಿನ ಬರಹದ ಸಮೇತ ಕಳಿಸು. ಆದರೆ ಒಂದು ಕೇಳುತ್ತೇನೆ. ಅಪ್ಪ ಹೋದಾಗಿನಿಂದ ಬಟ್ಟೆ ಮುಚ್ಚಿಟ್ಟಿದ್ದದ್ದು ಈಗೇಕೆ ಇದ್ದಕ್ಕಿದ್ದಂತೆ ಬೇಕಾಯಿತು? 5840ರ ಮುಚ್ಚಳ ತೆರೆದವನಿಗೆ ಒಳಗೆ ಏನು ಕೆಟ್ಟಿದೆ ಎಂದು ಕಾಣದೇ ಇರುತ್ತದೆಯೇ? ಅಪ್ಪನ ಶಿಷ್ಯ ನೀನು.

ಅಕ್ಕ


15 ಫೆಬ್ರವರಿ 2024

ಅಕ್ಕನಿಗೆ,

ಪೆನ್‌ಡ್ರೈವ್ ಕಳಿಸಿದ್ದೇನೆ. ಕೋಳಿ ಕೆದಕುವುದು ಬೇಡವೆಂದು ಈ ಕಾಗದವನ್ನು ಟೈಪ್ ಮಾಡಿ ಅಚ್ಚು ತೆಗೆದಿದ್ದೇನೆ. ಬರೀ ಓದಲು ಬಂದರೆ ಸಾಕು, ಹೊಸದಾಗಿ ಏನನ್ನೂ ಸೇರಿಸುವ ಆಸೆ ನನಗಿಲ್ಲ.

ಪೆನ್‌ಡ್ರೈವ್ ಹುಡುಕುತ್ತ ಅಂಗಡಿಯ ಮೇಲಿನ ಕೋಣೆಗೆ ಹತ್ತಿದ್ದೆ. ನಾವಿಬ್ಬರೂ ಕೂರುತ್ತಿದ್ದ ಬೆಂಚು ಹಾಗೇ ಇದೆ, ನಿನ್ನ ಕಡೆಯ ಕಾಲಿನ ಕೆಳಗೆ ಮಡಿಚಿಟ್ಟ ರಟ್ಟು ಸಮೇತ. ಗೋಡೆಯ ಮೇಲೆ ನೀನು ಪೆನ್ಸಿಲಿನಿಂದ ಬರೆದ ಮೊದಲ ಬಟನ್ನು ಇನ್ನೂ ಕಾಣುತ್ತದೆ. ನಿಜವಾದ ಬಟನ್ನು ಅಂತ ಯಾವುದೂ ಇಲ್ಲ ಎಂದು ನೀನು ಹೇಳಿದ್ದು ನನಗೆ ಮೊದಲು ಅರ್ಥವೇ ಆಗಿರಲಿಲ್ಲ. ಬೂದು ಬಣ್ಣದ ಚೌಕ. ಮೇಲೆ, ಎಡಕ್ಕೆ ಬಿಳಿ ಗೆರೆ. ಕೆಳಗೆ, ಬಲಕ್ಕೆ ಕಪ್ಪು ಗೆರೆ. ಕಣ್ಣು ತಾನಾಗಿ ಅದನ್ನು ಉಬ್ಬಿದೆ ಎಂದುಕೊಳ್ಳುತ್ತದೆ. ಒತ್ತಿದಾಗ ಬಿಳಿ ಕಪ್ಪನ್ನು ಅದಲುಬದಲು ಮಾಡಿದರೆ ತಗ್ಗಿದೆ ಎಂದುಕೊಳ್ಳುತ್ತದೆ. ಅಪ್ಪ ಕೆಳಗಿನಿಂದ ಹತ್ತಿ ಬಂದು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಪರದೆಗೆ ಮುಖ ಹಚ್ಚಿ ನೋಡಿ, "ಅಯ್ಯೋ, ನಾಲ್ಕು ಗೆರೆಗೆ ಮೋಸ ಹೋದೆನಲ್ಲೇ!" ಎಂದು ನಕ್ಕಿದ್ದರು. ಹೆಸರಿಟ್ಟವರೂ ಅವರೇ. "ಚಾವಿ ಕೊಟ್ಟರೆ ತಾನೆ ಗಡಿಯಾರ ನಡೆಯೋದು? ಚಾವಿ ಅಂತಿಡಿ."

ಕಾರ್ಡುಗಳೂ ಸಿಕ್ಕವು. ಇನ್ನೂರ ಹನ್ನೊಂದು. ಎಲ್ಲೆಲ್ಲಿಂದಲೋ ಬಂದವು. ಹಡಗಿನ ಎಂಜಿನ್ ಕೋಣೆಯಿಂದ ಬಂದ ಒಂದು ಕಾರ್ಡಿನಲ್ಲಿ 'ನಿಮ್ಮ ಬಟನ್ನು ಒತ್ತಿ ನಾನು ದಿನಾ ಪಂಪು ಶುರು ಮಾಡುತ್ತೇನೆ' ಎಂದು ಒಬ್ಬರು ಬರೆದಿದ್ದರು, ನೆನಪಿದೆಯಾ? ಅಪ್ಪ ಅದನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ಗಿರಾಕಿಗಳು ಗಡಿಯಾರ ಕೈಯಲ್ಲಿ ಹಿಡಿದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೇಜಿನ ಹಿಂದಿನ ತಂತಿಗೆ ಕ್ಲಿಪ್ಪು ಹಾಕಿ ಕಾರ್ಡುಗಳನ್ನು ನೇತುಹಾಕುತ್ತಿದ್ದರು. ತಂತಿ ಇದೆ, ಖಾಲಿ.

ಎರಡು ಒತ್ತಿನ ವಿಷಯವನ್ನು ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ.

ತಮ್ಮ


4 ಮಾರ್ಚ್ 2024

ತಮ್ಮನಿಗೆ,

ಅಚ್ಚು ಹಾಕಿದ ಕಾಗದ ಬಂತು. ನಾನೇನು ಕಚೇರಿಯೇ? ಒಂದು ಮಾತು ತಮಾಷೆ ಮಾಡಿದ್ದಕ್ಕೆ ಅಕ್ಷರವನ್ನೂ ಕಿತ್ತುಕೊಂಡೆಯಲ್ಲ. ನಿನ್ನ ಮುನಿಸು ಮಾತ್ರ ಯಾವ ಹೊಸ ಸಿಸ್ಟಮ್ ಬಂದರೂ ಕೆಲಸ ನಿಲ್ಲಿಸುವುದಿಲ್ಲ.

ಕೆಲಸ ಸಾಗಿದೆ. ಕಿಟಕಿ ತೆರೆಯುತ್ತದೆ, ಪಟ್ಟಿ ಬರುತ್ತದೆ, ಇನ್ನೂ ಅಕ್ಷರ ಬಂದಿಲ್ಲ. ಎತ್ತಬೇಡ ಎಂದೆಯಲ್ಲ, ಎತ್ತುತ್ತೇನೆ. ಹಳೆಯ ಸಾಲುಗಳನ್ನು ಒಂದೊಂದಾಗಿ ದಾಟುವಾಗ ಆ ಜಾಗಕ್ಕೆ ಬಂದೇ ಬಂದೆ. ಬಿಟ್ಟು ಮುಂದೆ ಹೋಗಲು ಆಗಲಿಲ್ಲ.

ಮೌಸಿಗೆ 'ಎರಡು ಒತ್ತು' ಎನ್ನುವುದು ಗೊತ್ತಿಲ್ಲ ಎಂದು ನಿನಗೆ ಹೇಳಿಕೊಟ್ಟವಳು ನಾನೇ. ಅದು ಹೇಳುವುದು 'ಒತ್ತಿದರು' ಎಂದಷ್ಟೇ. ಸ್ವಲ್ಪ ಬಿಟ್ಟು ಮತ್ತೆ 'ಒತ್ತಿದರು'. ಈ ಎರಡನ್ನು ಸೇರಿಸಿ 'ತೆರೆ' ಎಂದು ತಿಳಿಯಬೇಕೋ, ಬೇರೆ ಬೇರೆ ಎಂದು ಬಿಡಬೇಕೋ ಎಂದು ನಿರ್ಧರಿಸುವುದು ಲೈಬ್ರರಿ. ನಡುವಿನ ಬಿಡುವು ಮುನ್ನೂರು ಮಿಲಿಸೆಕೆಂಡಿನ ಒಳಗಿದ್ದರೆ ತೆರೆ ಎಂದು ನಾನು ಬರೆದಿದ್ದೆ. ನಾನು ಇಲ್ಲಿಗೆ ಬಂದ ಮೇಲೆ, ಎರಡು ಸಾವಿರದ ನಾಲ್ಕರ ಕೊನೆಗೆ, ನೀನು ಅದನ್ನು ಒಂಬೈನೂರು ಮಾಡಿದೆ. ಇಡೀ ಚಾವಿಯಲ್ಲಿ ನೀನು ಬರೆದದ್ದು ಆ ಮೂರು ಸಾಲು. ಯಾಕೆಂದು ಒಂದು ಅಕ್ಷರ ಬರೆಯಲಿಲ್ಲ. ಲೈಬ್ರರಿ ಎಂದರೆ ಒಂದೇ ಬಾವಿಯಿಂದ ನೂರು ಮನೆಯವರು ನೀರು ಸೇದಿದ ಹಾಗೆ. ನಿನ್ನ ಒಂಬೈನೂರು ರಿಜಿಸ್ಟರಿಗೆ ಮಾತ್ರವಲ್ಲ, ಚಾವಿ ಬಳಸುವ ಎಲ್ಲ ಕಾರ್ಯಕ್ರಮಕ್ಕೂ ಹೋಯಿತು. ನಿಧಾನವಾಗಿ ಒಂದೊಂದೇ ಒತ್ತುವವರಿಗೆ ಬೇಡದ್ದೆಲ್ಲ ತೆರೆದುಕೊಳ್ಳತೊಡಗಿತು. ದೂರು ಬಂತು. ನಾನು ಮತ್ತೆ ಮುನ್ನೂರು ಮಾಡಿದೆ.

ಅದಾದ ಮೇಲೆ ನೀನು ಚಾವಿಯನ್ನು ಮುಟ್ಟಲಿಲ್ಲ. ಅಪ್ಪ ಹೋದ ಮೇಲೆ ನನಗೂ ಬರೆಯಲಿಲ್ಲ. ಮೂರು ಸಾಲಿಗೆ ಇಷ್ಟೊಂದು ಹೊಟ್ಟೆಕಿಚ್ಚೇ ಎಂದು ನಾನೂ ಬಿಗಿದುಕೊಂಡು ಕೂತೆ. ಈಗ ವಯಸ್ಸಾಗಿದೆ, ಕೇಳಬಹುದು. ನಿಜವಾಗಿ ಏನಾಗಿತ್ತು?

ಅಕ್ಕ


13 ಮಾರ್ಚ್ 2024

ಅಕ್ಕ,

ಕೇಳಿದೆಯಲ್ಲ, ಹೇಳುತ್ತೇನೆ.

ಹೊಟ್ಟೆಕಿಚ್ಚಂತೆ! ಅಪ್ಪನ ಕೈ ನಡುಗಲು ಶುರುವಾಗಿ ಆಗಲೇ ಒಂದು ವರ್ಷವಾಗಿತ್ತು. ನೀನು ರಜೆಯಲ್ಲಿ ನಾಲ್ಕು ದಿನ ಬಂದಾಗ ಅವರು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಚಿಮುಟ ಹಿಡಿದರೆ ಹೇಗೋ ಮಾಡಿ ಸಂಭಾಳಿಸುತ್ತಿದ್ದರು, ಹೇಗೆಂದು ನನಗೂ ತೋರಿಸುತ್ತಿರಲಿಲ್ಲ, ಬೆನ್ನು ಹಾಕಿ ಕೂತುಬಿಡುತ್ತಿದ್ದರು. ಆದರೆ ಮೌಸ್ ಒಪ್ಪಲಿಲ್ಲ. ಒಂದು ಸಲ ಒತ್ತಿ, ಬೆರಳು ಹದಕ್ಕೆ ಬಂದು ಎರಡನೆಯ ಸಲ ಒತ್ತುವಷ್ಟರಲ್ಲಿ ನಿನ್ನ ಮುನ್ನೂರು ಮುಗಿದುಹೋಗುತ್ತಿತ್ತು. "ಈ ಯಂತ್ರಕ್ಕೆ ನನ್ನ ಮೇಲೆ ನಂಬಿಕೆ ಇಲ್ಲ ಕಣೋ" ಎಂದು ನಗುತ್ತಿದ್ದರು. ಆ ನಗು ನನಗೆ ನೋಡಲಾಗುತ್ತಿರಲಿಲ್ಲ. ಅದಕ್ಕೇ ಒಂಬೈನೂರು ಮಾಡಿದೆ. ಅವರಿಗೆ ಹೇಳಲಿಲ್ಲ. ಮಾರನೆಯ ದಿನ ರಿಜಿಸ್ಟರ್ ತೆರೆದಾಗ ಅವರ ಮುಖ ನೋಡಬೇಕಿತ್ತು ನೀನು.

ಆರು ತಿಂಗಳ ಮೇಲೆ ನಿನ್ನ ಹೊಸ ಸಿ.ಡಿ. ಬಂತು. ಹಾಕಿದವನು ನಾನೇ, ಈ ಕೈಯಿಂದಲೇ. ಬದಲಾವಣೆಗಳ ಪಟ್ಟಿಯಲ್ಲಿ ನೀನು ಬರೆದಿದ್ದೆ: 'ಕಾರಣವಿಲ್ಲದ ಒಂದು ಸಂಖ್ಯೆ ತೆಗೆದಿದೆ.' ನಾನು ಓದುವಷ್ಟರಲ್ಲಿ ಅಪ್ಪ ಯಂತ್ರದ ಮುಂದೆ ಕೂತಾಗಿತ್ತು. ಒತ್ತಿದರು, ತೆರೆಯಲಿಲ್ಲ. ಮತ್ತೆ ಒತ್ತಿದರು. ಹತ್ತು ಸಲ, ಇಪ್ಪತ್ತು ಸಲ. ಎಡಗೈಯಲ್ಲಿ ಯಾವುದೋ ಗಿರಾಕಿಯ ಸ್ಟಾಪ್‌ವಾಚ್ ಹಾಗೇ ಇತ್ತು, ಕೆಳಗಿಡುವುದನ್ನೂ ಮರೆತಿದ್ದರು ಪಾಪ. ಕೊನೆಗೆ ಸುಮ್ಮನೆ ಎದ್ದು ಯಂತ್ರಕ್ಕೆ ಬಟ್ಟೆ ಹೊದಿಸಿ ತಮ್ಮ ಮೇಜಿಗೆ ಹೋದರು. ನಾನು ಅವರ ಕಡೆ ತಿರುಗಿ ನೋಡಲಿಲ್ಲ. ನೋಡಿದರೆ ಅತ್ತುಬಿಡುತ್ತಿದ್ದೆ.

ಅದಾದ ಮೇಲೆ ಅವರು ಆ ಬಟ್ಟೆ ತೆಗೆದದ್ದನ್ನು ನಾನು ಕಾಣಲಿಲ್ಲ. ನಾನೂ ತೆಗೆಯಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಂದಿನ ವರ್ಷವೇ ಅವರು ಹೋದರು.

ಕಾರಣವಿಲ್ಲದ ಸಂಖ್ಯೆ! ಆ ಸಾಲು ಇವತ್ತಿಗೂ ಬಾಯಿಪಾಠ ಇದೆ ನನಗೆ.

ರಿಜಿಸ್ಟರ್ ಆದರೆ ಕಳಿಸು. ಆಗದಿದ್ದರೆ ಬಿಡು.


20 ಮೇ 2024

ಅಕ್ಕನಿಗೆ,

ಎರಡು ತಿಂಗಳಾಯಿತು. ಜೋರಾಗಿ ಬರೆದೆನೇನೋ. ನನ್ನ ಹೆಂಡತಿ ಆ ಕಾಗದದ ನಕಲು ಓದಿ, "ನಿಮ್ಮಿಬ್ಬರ ಜಗಳಕ್ಕೆ ಒಂದು ಮ್ಯೂಸಿಯಂ ಕಟ್ಟಬೇಕು, ಟಿಕೆಟ್ ನಾನು ಹರಿದು ಕೊಡ್ತೀನಿ" ಎಂದಳು.

5840ರ ಯಜಮಾನರು ಎರಡು ಸಲ ಬಂದು ಹೋದರು. ಇನ್ನೊಂದು ವಾರ ಎಂದು ಹೇಳಿ ಕಳಿಸಿದ್ದೇನೆ. ಅದರಲ್ಲಿ ಕೆಟ್ಟಿರುವುದು ಏನೆಂದು ನನಗೆ ಗೊತ್ತು, ನೀನು ಹೇಳಿದ್ದು ಸರಿ. ಕೂದಲೆಳೆಯಷ್ಟು ತುದಿಯ ಮೇಲೆ ಓಲಾಡುವ ಆ ಬ್ಯಾಲೆನ್ಸ್ ಚಕ್ರ ತೆಗೆದು ಮತ್ತೆ ಕೂರಿಸಬೇಕು. ಅಪ್ಪ ಅದನ್ನು ಹೇಗೆ ಕೂರಿಸಿದರು ಎಂಬುದು ಬೇಕು.

ಬರೆ.

ತಮ್ಮ


30 ಜೂನ್ 2024

ಪ್ರೀತಿಯ ತಮ್ಮ,

ನಿನ್ನ ಮಾರ್ಚ್ ತಿಂಗಳ ಕಾಗದವನ್ನು ಮೂರು ತಿಂಗಳು ಕೈಚೀಲದಲ್ಲಿಟ್ಟುಕೊಂಡು ಓಡಾಡಿದೆ. ಕೆಲಸ ಹೆಚ್ಚಿತ್ತು ಅಂತ ಸುಳ್ಳು ಹೇಳುವುದಿಲ್ಲ. ಒಬ್ಬರಿಗೆ ಮಾತು ಕೊಟ್ಟಿದ್ದೆ, ಅದನ್ನು ಮುರಿಯುವ ಧೈರ್ಯ ಬರಲಿಲ್ಲ. ಈಗ ಮುರಿಯುತ್ತಿದ್ದೇನೆ.

ದೂರು ಬಂತು ಎಂದು ಬರೆದಿದ್ದೆನಲ್ಲ. ಹಲವು ಬಂದವು ನಿಜ. ನಾನು ಅವಕ್ಕೆಲ್ಲ ಸೊಪ್ಪು ಹಾಕುವವಳಲ್ಲ ಎಂದು ನಿನಗೆ ಗೊತ್ತು. ನೀನು ಮಾಡಿದ್ದೆಂದೇ ಆರು ತಿಂಗಳು ಒಂಬೈನೂರನ್ನು ಹಾಗೇ ಬಿಟ್ಟಿದ್ದೆ. ಆಮೇಲೆ ಈ ಕಾರ್ಡು ಬಂತು. ಲಕೋಟೆಯಲ್ಲಿ ಇಟ್ಟಿದ್ದೇನೆ, ನಕಲಲ್ಲ, ಅದೇ ಕಾರ್ಡು. ಮಸುಕಾಗಿದೆ, ಓದಲಾಗದಿದ್ದರೆಂದು ಇಲ್ಲಿ ಬರೆಯುತ್ತೇನೆ:

'ಚಾವಿ ನಡೆಸುವವರಿಗೆ. ಬಳಸುವವರು ಕಾರ್ಡು ಬರೆಯಿರಿ ಎಂದು ನಿಮ್ಮ ಕಿಟಕಿಯಲ್ಲಿದೆ. ನಾನೂ ಬಳಸುವವನೇ, ಆದ್ದರಿಂದ ಬರೆದಿದ್ದೇನೆ. ಎರಡು ಒತ್ತಿನ ನಡುವೆ ನಿಮ್ಮ ಯಂತ್ರ ಬಹಳ ಹೊತ್ತು ಕಾಯುತ್ತದೆ. ಸ್ಟಾಪ್‌ವಾಚ್ ಹಿಡಿದು ನೋಡಿದೆ, ಸೆಕೆಂಡಿಗೆ ಸ್ವಲ್ಪವೇ ಕಡಿಮೆ. ಸರಿಯಾದ ಕೈಗೆ ಅದರ ಮೂರನೇ ಒಂದು ಭಾಗ ಸಾಕು. ಯಾರು ಮಾಡಿದರು, ಯಾಕೆ ಮಾಡಿದರು ಎಂದು ಗೊತ್ತು. ಗೊತ್ತಿಲ್ಲದವನ ಹಾಗೆ ಆರು ತಿಂಗಳು ಸುಖಪಟ್ಟೆ. ಆದರೆ ಒಬ್ಬನ ಕೈ ನಡುಗುತ್ತದೆ ಎಂದು ಎಲ್ಲರ ಗಡಿಯಾರ ನಿಧಾನ ಮಾಡಬಾರದು. ದಯವಿಟ್ಟು ಸರಿಮಾಡಿ. ನಾನು ಹೇಳಿದೆ ಅಂತ ಅವನಿಗೆ ಮಾತ್ರ ಹೇಳಬೇಡಮ್ಮ. ನೊಂದುಕೊಳ್ತಾನೆ.'

ಅವರ ಕೈ ನಡುಗುವುದು ನನಗೆ ಗೊತ್ತಾದದ್ದು ಈ ಕಾರ್ಡಿನಿಂದ. ಅಕ್ಷರ ನೋಡಿಯೇ ಗೊತ್ತಾಯಿತು. ಫೋನ್ ಮಾಡಿದೆ. "ಸರಿ ಮಾಡ್ತೀನಪ್ಪ, ಆದ್ರೆ ನಿಮಗೆ ತೆರೆಯೋಕೆ ಆಗಲ್ಲವಲ್ಲ" ಎಂದೆ. "ಬೇರೆ ದಾರಿ ಇಲ್ವೇನೇ?" ಎಂದರು. "ಬಾಣದ ಕೀಯಿಂದ ಸಾಲಿಗೆ ಹೋಗಿ ಎಂಟರ್ ಒತ್ತಿ, ಅದು ಎಷ್ಟು ಹೊತ್ತಾದರೂ ಕಾಯುತ್ತೆ" ಎಂದೆ. ಯಾರ ಮಾತಿನಿಂದ ತೆಗೆದೆ ಎಂದು ಯಾರಿಗೂ ಗೊತ್ತಾಗಬಾರದಿತ್ತು, ಅದಕ್ಕೆ ಪಟ್ಟಿಯಲ್ಲಿ 'ಕಾರಣವಿಲ್ಲದ ಸಂಖ್ಯೆ' ಎಂದು ಬರೆದೆ. ನೀನು ಓದುತ್ತೀಯೆಂದು ಗೊತ್ತಿತ್ತು. ನೋವಾಗುತ್ತದೆಂದೂ ಗೊತ್ತಿತ್ತು. ಇಷ್ಟು ಆಳಕ್ಕೆ ಹೋಗುತ್ತದೆಂದು ಗೊತ್ತಿರಲಿಲ್ಲ. ತಪ್ಪಾಯಿತು ಕಣೋ.

ಇನ್ನು ಆ ಸ್ಟಾಪ್‌ವಾಚ್. ಅದು ಗಿರಾಕಿಯದಲ್ಲ. ಹೋದ ವಾರ ರಿಜಿಸ್ಟರಿನಲ್ಲಿ ಅಕ್ಷರ ಬಂತು. ಸರಿಯಾಗಿ ಬಂದಿದೆಯೇ ಎಂದು ನೋಡಲು ಕೊನೆಯ ಪುಟಕ್ಕೆ ಹೋದೆ. ನೀನು ಹೇಳುವ ಆ ದಿನಕ್ಕೇ ನಿಂತಿರುತ್ತದೆ ಎಂದುಕೊಂಡಿದ್ದೆ. ನಿಂತಿಲ್ಲ. ಅದೇ ದಿನದ್ದೇ ಒಂದು ಇದೆ:

'ನಂಬರು 6203. ಗಡಿಯಾರ: ಚಾವಿ. ಮಾಲೀಕರು: ಮಗಳು. ದೋಷ: ಹೆಚ್ಚು ಹೊತ್ತು ಕಾಯುತ್ತಿತ್ತು. ರಿಪೇರಿ: ಆಗಿದೆ, ಇಪ್ಪತ್ತು ಸಲ ಪರೀಕ್ಷಿಸಿ ನೋಡಿದೆ. ಟಿಪ್ಪಣಿ: ಈ ದೋಷ ಮಾಡಿದವನು ನನ್ನ ಮಗ. ಒಳ್ಳೆಯ ಕೆಲಸಗಾರ. ಅವನು ಊಟಕ್ಕೆ ಹೋದಾಗ ಎಂಟರಿನಿಂದ ತೆರೆದು ಬರೆದಿದ್ದೇನೆ. ಸಿಟ್ಟು ಇಳಿದ ಮೇಲೆ ತೋರಿಸಬೇಕು.'

ಅವರು ಕೈಲಾಗದೆ ಎದ್ದು ಹೋಗಿದ್ದಲ್ಲವೋ. ನಾನು ಮಾಡಿದ ರಿಪೇರಿ ಸರಿಯಾಗಿದೆಯೇ ಎಂದು ಸ್ಟಾಪ್‌ವಾಚ್ ಹಿಡಿದು ಪರೀಕ್ಷೆ ಮಾಡುತ್ತಿದ್ದರು! ಆಮೇಲೂ ಹದಿನಾಲ್ಕು ತಿಂಗಳು ಬರೆದಿದ್ದಾರೆ, ಎಲ್ಲವನ್ನೂ ನಿನ್ನ ಊಟದ ಹೊತ್ತಿನಲ್ಲಿ. ಬರೆದಾದ ಮೇಲೆ ಬಟ್ಟೆಯನ್ನು ಹೇಗಿತ್ತೋ ಹಾಗೇ ಹೊದಿಸಿಡುತ್ತಿದ್ದರು ಎಂದು ಕಾಣುತ್ತದೆ. ಸಿಟ್ಟು ಇಳಿಯಲಿ ಎಂದು ಕಾದರು. ನಿನ್ನ ಸಿಟ್ಟು ಇಳಿಯುವ ಜಾತಿಯದ್ದಲ್ಲ.

5840ರ ಟಿಪ್ಪಣಿಯನ್ನು ಮತ್ತೆ ಮತ್ತೆ ಓದಿದೆ. ಅದರ ಹಿಂದುಮುಂದಿನವನ್ನೂ ಓದಿದೆ. ನಿನ್ನ ಜನವರಿಯ ಕಾಗದವನ್ನು ಅಪ್ಪನ ಕಾರ್ಡಿನ ಪಕ್ಕ ಇಟ್ಟು ನೋಡಿದೆ. ಕೋಳಿ ಕೆದಕಿದ ಹಾಗಿದೆ ಎಂದು ಬರೆದ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ನಾನೇನೂ ಕೇಳುವುದಿಲ್ಲ, ನೀನು ಹೇಳಿದರೆ ಹೇಳು.

ಪೆನ್‌ಡ್ರೈವಿನಲ್ಲಿ ಹೊಸ ಚಾವಿ ಇದೆ, ರಿಜಿಸ್ಟರ್ ಇದೆ. ಒಂದು ಹೊಸ ಪುಟವನ್ನೂ ಸೇರಿಸಿದ್ದೇನೆ, ನಗಬೇಡ. ಸೆಟ್ಟಿಂಗ್ ಪುಟ ಎಂದರೆ ಬರೆಯುವವರು ತಮ್ಮ ಕೈಯಲ್ಲಿ ತೀರ್ಮಾನಿಸಲಾಗದ್ದನ್ನು ಬಳಸುವವರ ತಲೆಗೆ ಕಟ್ಟುವುದು ಎಂದು ನಾನು ಭಾಷಣ ಬಿಗಿಯುತ್ತಿದ್ದೆನಲ್ಲ? ಇಪ್ಪತ್ತೈದು ವರ್ಷ ಚಾವಿಗೆ ಅಂಥ ಪುಟ ಇರಲಿಲ್ಲ. ಈಗ ಒಂದಿದೆ. ಅದರಲ್ಲಿ ಒಂದು ಗಡಿಯಾರದ ಚಿತ್ರ, ನಮ್ಮ ನಾಲ್ಕು ಗೆರೆಯ ಬಟನ್ನು. ಅದನ್ನು ನಿನಗೆ ಬಂದ ಹಾಗೆ ಎರಡೆರಡು ಸಲ ಒತ್ತಬೇಕು, ಐದು ಬಾರಿ. ನಡುವಿನ ಬಿಡುವನ್ನು ಅದು ತಾನೇ ಅಳೆದು, ಆ ಯಂತ್ರದಲ್ಲಿ ಆ ಕೈಗೆ ಅಷ್ಟು ಹೊತ್ತು ಕಾಯುತ್ತದೆ. ಬೇರೆ ಯಾರ ಗಡಿಯಾರವೂ ನಿಧಾನವಾಗುವುದಿಲ್ಲ. ಅಪ್ಪ ಇದನ್ನು ಒಪ್ಪುತ್ತಿದ್ದರು. ಆಗಲೇ ನನಗೆ ಹೊಳೆಯಬೇಕಿತ್ತು, ಹಮ್ಮು ಬಿಡಲಿಲ್ಲ.

ಬದಲಾವಣೆಗಳ ಪಟ್ಟಿಯನ್ನೂ ತಿದ್ದಿದ್ದೇನೆ. 'ಎರಡು ಒತ್ತುಗಳ ನಡುವಿನ ಬಿಡುವು: ಇದು ಎಲ್ಲರಿಗೂ ಒಂದೇ ಇರಬಾರದೆಂದು ಮೊದಲು ಕಂಡವನು ನನ್ನ ತಮ್ಮ. ಎಲ್ಲರಿಗೂ ಹೇರಬಾರದೆಂದು ಹೇಳಿದವರು ನಮ್ಮ ಅಪ್ಪ. ಇಬ್ಬರದೂ ಸರಿ ಎಂದು ತಿಳಿಯಲು ಹತ್ತೊಂಬತ್ತು ವರ್ಷ ತೆಗೆದುಕೊಂಡವಳು ನಾನು.' ಯಾರು ಬೇಕಾದರೂ ತೆರೆದು ಓದಬಹುದಾದ ಜಾಗದಲ್ಲಿ ಹಾಕಿದ್ದೇನೆ.

ನಿನ್ನ ಅಕ್ಕ


16 ಜುಲೈ 2024

ಅಕ್ಕಾ,

ಕೈಯಲ್ಲೇ ಬರೆಯುತ್ತಿದ್ದೇನೆ. ಕೋಳಿ ಕೆದಕಿದ್ದನ್ನು ಓದಿಕೋ.

ಕಾರ್ಡು ತಂತಿಯ ಮೇಲಿದೆ. ಇನ್ನೂರ ಹನ್ನೊಂದನ್ನೂ ಅದರ ಪಕ್ಕಕ್ಕೆ ನೇತುಹಾಕಿದೆ, ಹಡಗಿನ ಎಂಜಿನ್ ಕೋಣೆಯದು ಮೊದಲು. ಅಪ್ಪನದು ಇನ್ನೂರ ಹನ್ನೆರಡನೆಯದು. ನನ್ನ ಹೆಂಡತಿ ಕೆಳಗೆ ನಿಂತು ಎಲ್ಲವನ್ನೂ ಓದಿದಳು. 'ಹೇಳಬೇಡಮ್ಮ' ಎಂಬಲ್ಲಿಗೆ ಬಂದಾಗ ಒಳಗೆ ಹೋಗಿಬಿಟ್ಟಳು. ನಾನು ಅಂಗಡಿಯ ಬಾಗಿಲು ಮುಂದೆ ಮಾಡಿ, ಹತ್ತು ನಿಮಿಷ ಅತ್ತೆ. ಆಮೇಲೆ 6203 ಓದಿದೆ. ಮತ್ತೆ ಹತ್ತು ನಿಮಿಷ.

ಅವರು ಮೇಜಿಗೆ ಹೋದಾಗ ನಾನು ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಸಾಕಾಗಿತ್ತು ಅಕ್ಕ. ಬಹುಶಃ ನಗುತ್ತಿದ್ದರೇನೋ.

5840ರ ಟಿಪ್ಪಣಿ ನೀನು ಓದಿದ್ದೀಯ, ಆದರೂ ಬರೆಯುತ್ತೇನೆ, ಬರೆದರೆ ನನಗೆ ಸಮಾಧಾನ. 'ಬ್ಯಾಲೆನ್ಸ್ ಕೂರಿಸುವಾಗ ಕೈ ಮಾತು ಕೇಳಲಿಲ್ಲ. ಎರಡೂ ಮೊಣಕೈಯನ್ನು ಮೇಜಿನ ಅಂಚಿಗೆ ಒತ್ತಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಮತ್ತೆ ಎಳೆದುಕೊಳ್ಳುವ ಮೊದಲು ಇಟ್ಟೆ. ಅಷ್ಟು ಹೊತ್ತು ಕೈ ನಿಲ್ಲುತ್ತದೆ. ಅವಸರ ಮಾಡಿದರೆ ನಿಲ್ಲುವುದಿಲ್ಲ.' ಬೆನ್ನು ಹಾಕಿ ಕೂತು ಅವರು ಮಾಡುತ್ತಿದ್ದದ್ದು ಇದನ್ನೇ. ಹಾಗೇ ಮಾಡಿದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಚಕ್ರ ಕೂತು, ಒಮ್ಮೆ ತಡವರಿಸಿ, ಓಡತೊಡಗಿತು. ಯಜಮಾನರು ನಿನ್ನೆ ತೆಗೆದುಕೊಂಡು ಹೋದರು. ಮುಚ್ಚಳದ ಒಳಗೆ ಅಪ್ಪನ ನಂಬರಿನ ಕೆಳಗೆ ನನ್ನದೂ ಒಂದು ಕೆತ್ತಿದ್ದೇನೆ. 7001. ರಿಜಿಸ್ಟರಿನಲ್ಲಿ ಅವರ ಕೊನೆಯ ನಂಬರಿನ ಮುಂದಿನದು. ಬರೀ ಓದಲು ಸಾಕು ಎಂದಿದ್ದೆನಲ್ಲ, ಆ ಮಾತು ವಾಪಸ್.

ಹೌದು, ನನ್ನ ಕೈಯೂ ನಡುಗುತ್ತದೆ. ಎರಡು ವರ್ಷವಾಯಿತು. ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ, ನಿನಗಂತೂ ಹೇಳಬಾರದೆಂದೇ ಇದ್ದೆ. ಈ ಮನೆಯಲ್ಲಿ ಒಬ್ಬರಿಗೆ ಇನ್ನೊಬ್ಬರಿಂದ ಮುಚ್ಚಿಡುವುದು ಒಂದು ರೋಗ. ಇನ್ನು ಸಾಕು.

ನಿನ್ನ ಹೊಸ ಪುಟ ತೆರೆದೆ. ಗಡಿಯಾರದ ಚಿತ್ರದಲ್ಲಿ ಗಂಟೆ ಮುಳ್ಳು ಸರಿಯಾದ ಜಾಗದಲ್ಲಿಲ್ಲ, ಅದು ಇನ್ನೊಂದು ದೂರು. ಬಟನ್ನಿಗೆ ಅದೇ ಬಿಳಿ ಗೆರೆ, ಅದೇ ಕಪ್ಪು ಗೆರೆ. ಹೇಳಿದ ಹಾಗೆ ಐದು ಬಾರಿ ಎರಡೆರಡು ಸಲ ಒತ್ತಿದೆ. ಅದು ಕಾದಿತ್ತು. ಕೊನೆಗೆ ಒಂದು ಸಂಖ್ಯೆ ತೋರಿಸಿತು.

ಅಪ್ಪನದು ಒಂಬೈನೂರು ಇತ್ತು. ನನ್ನದು ಆರುನೂರ ನಲವತ್ತು. ಇನ್ನೂ ಹೊತ್ತಿದೆ ಅಕ್ಕ, ಒಂದು ಸಲ ಬಾ. ಬೆಂಚಿನ ನಿನ್ನ ಕಡೆಯ ಕಾಲಿಗೆ ಹೊಸ ರಟ್ಟು ಇಟ್ಟಿದ್ದೇನೆ.

ನಿನ್ನ ತಮ್ಮ